ಎರವಲು ಅಪ್ಪ

ಚಲುವಯ್ಯನಿಗೆ ಹೆತ್ತ ಮಗಳು ಒಬ್ಬಳೇ. ಆದರೆ ನಮ್ಮ ಸ್ಕೂಲಿನ ಪ್ರಕಾರ ಅವನಿಗೆ ಏಳು ಜನ ಮಕ್ಕಳು, ಆ ಏಳರಲ್ಲಿ ಹೆತ್ತ ಮಗಳು ಇರಲಿಲ್ಲ. ಇದು ಹೇಗೆ ಸಾಧ್ಯ ಎಂದು ಕೇಳುವವರು ನಂಜನಗೂಡಿನಲ್ಲಿ ನಮ್ಮ ಸಿಸ್ಟರುಗಳ ಹೈಸ್ಕೂಲಿನಲ್ಲಿ ಒಂದು ವರ್ಷ ಕೆಲಸ ಮಾಡಿ ನೋಡಬೇಕಿತ್ತು. ನಾನು ರಿಟೈರ್ ಆಗುವತನಕ ಮಾಡಿದೆ. ಆದ್ದರಿಂದ ನನಗೆ ಯಾವುದೂ ಅಸಾಧ್ಯ ಅನ್ನಿಸುವುದಿಲ್ಲ.

ನಾನು ಅಲ್ಲಿ ಕನ್ನಡ ಮೇಷ್ಟ್ರು. ಕನ್ನಡ ಮಾತಾಡಿದ ಮಕ್ಕಳ ಕೊರಳಿಗೆ ಮರದ ಬಿಲ್ಲೆ ತೂಗುಹಾಕುವ ಸ್ಕೂಲಿನಲ್ಲಿ ಕನ್ನಡ ಕಲಿಸಿ ಸಂಬಳ ತೆಗೆದುಕೊಂಡವನು. ಬಿಲ್ಲೆ ಹಾಕಿಕೊಂಡ ಹುಡುಗ ಇನ್ನೊಬ್ಬ ಕನ್ನಡ ಮಾತಾಡುವುದನ್ನೇ ಹೊಂಚುಹಾಕಿ ಕಾದು, ಸಿಕ್ಕಿದ ಕೂಡಲೇ ಅವನ ಕೊರಳಿಗೆ ದಾಟಿಸಬೇಕು. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿ ಇರುತ್ತದೋ ಅವರು ಪ್ರಾರ್ಥನಾ ಮಂದಿರದ ವರಾಂಡ ಗುಡಿಸಬೇಕು. ನನ್ನ ಪೀರಿಯಡ್ಡಿನಲ್ಲಿ ಮಾತ್ರ ಬಿಲ್ಲೆಗೆ ರಜ. ಆಗಲೂ ಮಕ್ಕಳು ಪದ್ಯವನ್ನು ಕನ್ನಡದಲ್ಲಿ ಓದಿ, ಒಂದಕ್ಕೆ ಹೋಗುವ ಅಪ್ಪಣೆಯನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದವು. ಅಭ್ಯಾಸಬಲ.

ಮಕ್ಕಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ಸುತ್ತಲ ಹಳ್ಳಿಯವರು. ಬೆಳಿಗ್ಗೆ ಗೇಟಿನ ಹತ್ತಿರ ಹಣೆಯ ವಿಭೂತಿ ಒರೆಸಿಕೊಂಡು ಒಳಗೆ ಬಂದು, ಕಣ್ಣು ಮುಚ್ಚಿ ಏಸುವಿನ ಸ್ತುತಿ ಹಾಡಿ, ಸಂಜೆ ಬಸ್ಸು ಹತ್ತುವ ಮೊದಲು ಶ್ರೀಕಂಠೇಶ್ವರನಿಗೆ ದೂರದಿಂದಲೇ ಕೈ ಮುಗಿಯುತ್ತಿದ್ದವು. ಎರಡೂ ಕಡೆ ಅಡ್ಜಸ್ಟ್ ಮಾಡಿಕೊಂಡ ಭಕ್ತಿ. ಮಕ್ಕಳನ್ನು ಸಂತರ ಹೆಸರಿನ ನಾಲ್ಕು ಹೌಸುಗಳಾಗಿ ಹಂಚಿದ್ದರು. ಕಬಡ್ಡಿಯಲ್ಲಿ ಸಂತ ಪೌಲರ ಕಡೆಯವರು ಸಂತ ಪೀಟರರ ಕಡೆಯವರ ಕಾಲು ಹಿಡಿದು ಎಳೆಯುತ್ತಿದ್ದರು, ಬಾಯಲ್ಲಿ ಬರುವ ಬೈಗುಳ ಮಾತ್ರ ಅಚ್ಚ ಕನ್ನಡ. ಮಾರಲ್ ಸೈನ್ಸ್ ಎಂಬ ವಿಷಯವೂ ಇತ್ತು. ಬೇರೆಲ್ಲ ವಿಷಯಕ್ಕಿಂತ ಹೆಚ್ಚು ಜನ ಕಾಪಿ ಹೊಡೆದು ಸಿಕ್ಕಿಬೀಳುತ್ತಿದ್ದದ್ದು ಅದರಲ್ಲೇ.

ಇವೆಲ್ಲಕ್ಕಿಂತ ದೊಡ್ಡ ಹಬ್ಬ ಓಪನ್ ಡೇ. ತಿಂಗಳಲ್ಲಿ ಒಂದೊಂದು ಶನಿವಾರ ಒಂದೊಂದು ಕ್ಲಾಸಿನ ತಂದೆತಾಯಿ ಬಂದು, ಟೀಚರ ಮುಂದೆ ಕೂತು, ಮಗುವಿನ ಗುಣದೋಷ ಕೇಳಿಕೊಂಡು ಹೋಗಬೇಕು. ಮಾತುಕತೆ ಇಂಗ್ಲಿಷಿನಲ್ಲೇ ಆಗಬೇಕು, ಮನೆಯಲ್ಲೂ ಇಂಗ್ಲಿಷಿನ ವಾತಾವರಣ ಬೆಳೆಯಲಿ ಎಂದು. ಇದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಫ್ಲಾವಿಯಾ ಅವರ ನಿಯಮ. ಆಕೆ ಮಂಗಳೂರು ಕಡೆಯವರು, ಕಡ್ಡಿ ಮುರಿದಂತೆ ಮಾತು. ಯಾರೂ ಬಾರದ ಮಗು ಯಾರಾದರೂ ಬರುವತನಕ ವರಾಂಡದಲ್ಲಿ ನಿಂತಿರಬೇಕು. ಕಬ್ಬು ಕಡಿಯುವ, ತಾಂಡ್ಯದ ಫ್ಯಾಕ್ಟರಿಗಳಲ್ಲಿ ಮೂಟೆ ಹೊರುವ ಜನಕ್ಕೆ ವಾತಾವರಣ ಬೆಳೆಸುವುದಕ್ಕೆ ಎಲ್ಲಿ ಪುರುಸೊತ್ತು? ಪುರುಸೊತ್ತು ಇದ್ದವರಿಗೂ ಆ ಕೋಣೆಯೊಳಗೆ ಕಾಲಿಡಲು ಪೊಲೀಸ್ ಸ್ಟೇಷನ್ನಿಗೆ ಹೋದಷ್ಟೇ ಭಯ.

ಚಲುವಯ್ಯನ ಪ್ರವೇಶ ಆದದ್ದು ಇಲ್ಲಿ, ತೊಂಬತ್ತೈದರ ಸುಮಾರಿಗೆ. ಅವನು ಹತ್ತಿರದ ಹಳ್ಳಿ ಚಿಕ್ಕಯ್ಯನಛತ್ರದ ಕೆಳಗಿನ ಬೀದಿಯವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಗೇಟು ಕಾಯುವ ಕೆಲಸ ಹಿಡಿದಿದ್ದ. ಖಾಕಿ ಅಂಗಿ, ಪಾಲಿಷ್ ಮಾಡಿದ ಬೂಟು, ಕತ್ತರಿಸಿಟ್ಟ ಮೀಸೆ. ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ನಂಜನಗೂಡಿನಲ್ಲಿ ಬಸ್ಸಿಗೆ ನಿಂತಿದ್ದಾಗ, ಅವನ ಬೀದಿಯ ಪುಟ್ಟಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಸಿಕ್ಕಿದಳು. ಮೊಮ್ಮಗ ಸಿದ್ದು ವರಾಂಡದಲ್ಲಿ ನಿಂತಿದ್ದ. ಮಗ ಸೊಸೆ ಕೂಲಿಗೆ ಹೋಗಿದ್ದರು. ಮುದುಕಿ ಗೇಟಿನ ತನಕ ಬಂದು, ಒಳಗೆ ಬಿಳಿ ನಿಲುವಂಗಿಗಳನ್ನು ಕಂಡು ಹಿಂದೆ ಸರಿದಿದ್ದಳು.

"ನೀನಾದ್ರೂ ಒಂದ್ ಮಾತಾಡಪ್ಪ. ನಂಗೆ ಅವ್ರ ಭಾಷೆ ಬರಾಕಿಲ್ಲ. ಮಗ ಬೆಳಗಿಂದ ನಿಂತೇ ಅದೆ," ಎಂದಳು.

ಚಲುವಯ್ಯ ಒಳಗೆ ಬಂದ. ಏಳನೇ ಕ್ಲಾಸಿನ ಟೀಚರು, ಸಿದ್ದುವಿನ ತಂದೆ ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನಿಗೆ ಗೊತ್ತಿದ್ದ ಇಂಗ್ಲಿಷೆಲ್ಲ ಗೇಟಿನದು. ಲಾರಿ ಬಂದಾಗ, ಸಾಹೇಬರು ಬಂದಾಗ ಆಡುವುದು. "ಎಸ್ ಮೇಡಂ," ಎಂದ. ಹುಡುಗನಿಗೆ ಗಣಿತ ಬರುವುದಿಲ್ಲ ಎಂದರು. "ನೋಟೆಡ್ ಮೇಡಂ. ಮ್ಯಾಟರ್ ವಿಲ್ ಬಿ ಇನ್ಫಾರ್ಮ್ಡ್," ಎಂದ. ಯಾರಿಗೆ ಇನ್ಫಾರ್ಮ್ ಮಾಡುತ್ತಾನೆ ಎಂದು ಟೀಚರು ಕೇಳಲಿಲ್ಲ. ಇಷ್ಟು ಶಿಸ್ತಿನ ತಂದೆಯನ್ನು ಆಕೆ ಅದುವರೆಗೆ ಕಂಡಿರಲಿಲ್ಲ. ಸಿದ್ದು ಒಳಗೆ ಹೋದ.

ಸುದ್ದಿ ಛತ್ರಕ್ಕೆ ಚಲುವಯ್ಯನಿಗಿಂತ ಮೊದಲೇ ತಲುಪಿತು. ಮುಂದಿನ ತಿಂಗಳಿಂದ ಯಾವ ಮಗು ವರಾಂಡದಲ್ಲಿ ನಿಲ್ಲುತ್ತದೋ ಆ ಮಗುವಿಗೆ ಅವನು ತಂದೆ. ರಾತ್ರಿ ಪಾಳಿಯವನಾದ್ದರಿಂದ ಹಗಲು ಬಿಡುವಿತ್ತು. ಬೇರೆ ಬೇರೆ ಶನಿವಾರ ಆದ್ದರಿಂದ ಸಿಕ್ಕಿಬೀಳುವ ಭಯವೂ ಇರಲಿಲ್ಲ. ನಮ್ಮಂಥ ಮೇಷ್ಟ್ರುಗಳಿಗೆ ವಿಷಯ ಗೊತ್ತಿತ್ತು. ಆದರೆ ಆ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಿಗೆ ಒಂದು ವಿಷಯ ಗೊತ್ತಿದ್ದರೆ ಯಾರಿಗೂ ಗೊತ್ತಿಲ್ಲ ಎಂದೇ ಲೆಕ್ಕ.

ಹೀಗಿರುವಾಗ ಮೇಲಿನ ಬೀದಿಯ ಕರಿಯಪ್ಪ ಅವನಿಗೆ ಹೇಳಿಕಳಿಸಿದ. ಕರಿಯಪ್ಪನಿಗೆ ನೀರಾವರಿ ಗದ್ದೆ, ಟ್ರಾಕ್ಟರು, ಎದುರು ಮಾತು ಕೇಳಿ ಗೊತ್ತಿಲ್ಲದ ಕಿವಿ. ಅವನ ಗದ್ದೆಯಲ್ಲೇ ಚಲುವಯ್ಯನ ಹೆಂಡತಿ ರಾಚಮ್ಮ ನಾಟಿಗೆ ಹೋಗುತ್ತಿದ್ದಳು. ಕರಿಯಪ್ಪನ ಮಗ ಶಿವು ನಮ್ಮಲ್ಲೇ ಐದನೇ ಕ್ಲಾಸು. ಕರಿಯಪ್ಪ ಜಗಲಿಯ ಮೇಲೆ ಕೂತಿದ್ದ, ಚಲುವಯ್ಯ ಅಂಗಳದಲ್ಲಿ ನಿಂತ.

"ಏನ್ಲಾ ಚಲುವ, ಪುಟ್ಟಮಾದಿ ಮೊಮ್ಮಗನಿಗೆ ಅಪ್ಪ ಆಗಿದ್ದೀಯಂತೆ?"

"ಮಗ ಆಚೆ ನಿಂತಿದ್ದ ಕಣ್ರಪ್ಪ. ಅದಕ್ಕೆ ಓಗಿದ್ದೆ."

"ನಮ್ ಶಿವೂಗೂ ವಸಿ ಆಗು. ಆ ಸಿಸ್ಟ್ರು ಮುಂದೆ ಕುಂತ್ರೆ ನನ್ ನಾಲ್ಗೆ ಒಳೀಕ್ಕೆ ಓಯ್ತದೆ."

ಕಾಫಿ ಬಂತು. ಅವನಿಗೆಂದೇ ಇಟ್ಟಿದ್ದ ಲೋಟದಲ್ಲಿ. ಚಲುವಯ್ಯ ಅಂಗಳದಲ್ಲೇ ಕುಡಿದು, ಲೋಟ ತೊಳೆದು, ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ. ರೈತ ಮನುಷ್ಯ ಖಾಕಿಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲ ಎಂದು ಕರಿಯಪ್ಪ ತನ್ನದೇ ಒಂದು ಬಿಳಿ ಅಂಗಿ ತಂದು ಮೇಲಿನಿಂದ ಕೈಗೆ ಹಾಕಿದ. ಹೆಸರಂತೂ ಕೊಟ್ಟೇ ಕೊಟ್ಟ. ಓಪನ್ ಡೇ ಮುಗಿದ ಮೇಲೆ ಅಂಗಿ ಒಗೆದು ವಾಪಸು ತಂದರೆ, "ನೀನೇ ಮಡೀಕ್ಕ, ಮತ್ತೆ ಬೇಕಾಯ್ತದೆ," ಎಂದ. ಚಲುವಯ್ಯ ತೊಟ್ಟ ಅಂಗಿಯನ್ನು ಅವನು ಇನ್ನು ತೊಡುವಂತಿರಲಿಲ್ಲ. ಮಗನಿಗೆ ಅಪ್ಪನಾದವನು ಜಗಲಿ ಹತ್ತುವಂತಿಲ್ಲ ಎಂಬುದರಲ್ಲಿ ಅವರಿಬ್ಬರಿಗೂ ವಿಚಿತ್ರವೇನೂ ಕಾಣಲಿಲ್ಲ. ಆಮೇಲೆ ಚಲುವಯ್ಯನ ಬಾಯಿಂದ ಕೇಳಿದ ನನಗೆ ಕಂಡಿತು, ಸಿಟ್ಟೂ ಬಂತು.

ಸಿಸ್ಟರ್ ಫ್ಲಾವಿಯಾ ಅವರಿಗೆ ಈ 'ಮಿಸ್ಟರ್ ಕರಿಯಪ್ಪ' ಬಹಳ ಹಿಡಿಸಿದರು. ಕಡಿಮೆ ಮಾತು, ತಲೆ ತಗ್ಗಿಸಿ ಕೇಳುವುದು, ಬೂಟಿಗೆ ಪಾಲಿಷ್. ಮುಂದೆ ಸ್ಕೂಲಿನ ಹೊಸ ಹಾಲು ಕಟ್ಟುವಾಗ ನಿಜವಾದ ಕರಿಯಪ್ಪ ಟ್ರಾಕ್ಟರಿನಲ್ಲಿ ಮರಳು ಕಳಿಸಿದ. ಸಿಸ್ಟರು ಚಲುವಯ್ಯನ ಕೈ ಹಿಡಿದು ಥ್ಯಾಂಕ್ಸ್ ಹೇಳಿ, ಅವನ ಹೆಸರಿನಲ್ಲಿ ಒಂದು ಪ್ರಾರ್ಥನೆಯನ್ನೂ ಮಾಡಿಸಿದರು. ಪ್ರಾರ್ಥನೆ ಯಾರಿಗೆ ತಲುಪಿತೋ ದೇವರೇ ಬಲ್ಲ.

ಚಲುವಯ್ಯನ ಮಗಳು ಕವನ ನಮ್ಮ ಸ್ಕೂಲಿಗೆ ಬಂದದ್ದು ಎಂಟನೇ ಕ್ಲಾಸಿಗೆ. ಏಳರತನಕ ಛತ್ರದ ಸರ್ಕಾರಿ ಶಾಲೆಯಲ್ಲಿ ಓದಿ, ಪ್ರವೇಶ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು. ಹೈಸ್ಕೂಲಿನಲ್ಲಿ ಒಂದೇ ಸೆಕ್ಷನ್ನು. ಅದರಲ್ಲಿ ಶಿವುವೂ ಇದ್ದ. ಅಲ್ಲಿಗೆ ಗಂಟು ಬಿತ್ತು. ಆ ಕ್ಲಾಸಿಗೆ ಚಲುವಯ್ಯ ಆಗಲೇ ಕರಿಯಪ್ಪ ಆಗಿಬಿಟ್ಟಿದ್ದ. ಒಬ್ಬ ಮನುಷ್ಯ ಒಂದೇ ಶನಿವಾರ, ಒಂದೇ ಟೇಬಲ್ಲಿನ ಮುಂದೆ ಇಬ್ಬರು ಅಪ್ಪಂದಿರಾಗುವುದು ಹೇಗೆ? ನಿಜ ಹೇಳೋಣವೆಂದರೆ ಸುಳ್ಳು ಪಾಲಕರನ್ನು ತಂದ ಮಗುವಿಗೆ ಟಿ.ಸಿ. ಎಂದು ನಿಯಮವಿತ್ತು. ಒಬ್ಬನ ಬಣ್ಣ ಬಯಲಾದರೆ ಏಳು ಮಕ್ಕಳೂ ಬೀದಿಗೆ ಬೀಳುತ್ತಿದ್ದರು.

ಅಡ್ಮಿಷನ್ನಿನ ದಿನ ರಾಚಮ್ಮ ಮಗಳನ್ನು ಕರೆದುಕೊಂಡು ಬಂದಳು. ದುಭಾಷಿಗೆ ಎಂದು ನನ್ನನ್ನು ಕೂರಿಸಿದ್ದರು. ತಂದೆ ಎಲ್ಲಿ ಎಂದು ಸಿಸ್ಟರು ಕೇಳಿದರು. ರಾಚಮ್ಮ ಮನೆಯಲ್ಲಿ ಹೇಳಿಕೊಟ್ಟಿದ್ದಂತೆ, "ಊರಲ್ಲಿಲ್ಲ ಕಣವ್ವ," ಎಂದಳು. ಕವನ ಗೋಡೆಯ ಮೇಲಿನ ಮೇರಿಮಾತೆಯ ಪಟ ನೋಡುತ್ತ ನಿಂತಿದ್ದಳು.

ಆಮೇಲಿನ ಓಪನ್ ಡೇಗಳನ್ನು ನಾನು ಮರೆಯಲಾರೆ. ಕವನಳ ಕ್ಲಾಸಿನ ತಂದೆತಾಯಿಯರೊಂದಿಗೆ ಸಿಸ್ಟರ್ ಫ್ಲಾವಿಯಾ ಅವರೇ ಕೂರುತ್ತಿದ್ದರು. ಮುಂದಿನ ಬೆಂಚಿನಲ್ಲಿ ಬಿಳಿ ಅಂಗಿಯ ಚಲುವಯ್ಯ, ಕೊನೆಯ ಬೆಂಚಿನಲ್ಲಿ ರಾಚಮ್ಮ. ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಬಂದು, ಗೇಟಿನ ಹತ್ತಿರ ಗುರುತಿಲ್ಲದವರಾಗುತ್ತಿದ್ದರು. "ಮಿಸ್ಟರ್ ಕರಿಯಪ್ಪ, ನಿಮ್ಮ ಮಗ ಬುದ್ಧಿವಂತ, ಆದರೆ ಸೋಮಾರಿ. ನಿಮ್ಮ ಊರಿನ ಕವನಳನ್ನು ನೋಡಿ ಕಲಿಯಲಿ. ಚಿನ್ನದಂಥ ಹುಡುಗಿ," ಎನ್ನುತ್ತಿದ್ದರು ಸಿಸ್ಟರು. ಚಲುವಯ್ಯನ ಮುಖ ಅರಳುತ್ತಿತ್ತು, ತಕ್ಷಣ ಅವನೇ ಅದನ್ನು ಮುಚ್ಚಿಕೊಳ್ಳುತ್ತಿದ್ದ. "ಅವಳ ಅಪ್ಪನಿಗೆ ಮಾತ್ರ ಒಂದು ದಿನವೂ ಇತ್ತ ತಲೆಹಾಕಲು ಆಗಲಿಲ್ಲ. ಎಂಥ ಮನುಷ್ಯನೋ. ಕುಡಿಯುತ್ತಾನಂತೇನು?" ಎಂದೂ ಒಮ್ಮೆ ಕೇಳಿದರು.

"ನೋಟೆಡ್ ಸಿಸ್ಟರ್," ಎಂದ ಚಲುವಯ್ಯ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನು ನನಗೆ ಇದನ್ನು ಹೇಳಿ ನಗಲು ನೋಡಿದ. ನಗು ಬರಲಿಲ್ಲ. "ಮಗ ಕೇಳ್ತಾಳೆ ಸಾ. ಅಪ್ಪ, ಊರ್ನೋರ ಐಕ್ಳಿಗೆಲ್ಲ ಓಯ್ತೀಯ, ನಂಗೂ ಒಂದ್ ದಿನ ಬರಾಕಿಲ್ವ ಅಂತ. ಏನಂತ ಏಳ್ಲಿ? ಸ್ಕೂಲು ಬುಡೋದ್ರೊಳಗೆ ಒಂದ್ಸಲ ಬತ್ತೀನಿ ಅಂತ ಮಾತು ಕೊಟ್ಟಿವ್ನಿ." ಟೀ ಆರಿ ಹೋಗಿತ್ತು. ಇನ್ನೊಂದು ಹೇಳಿದೆ, ಬೇಡ ಅಂದ.

ಕವನ ಅಪ್ಪನ ಮೇಲಿನ ಬೇಸರವನ್ನು ಓದಿನಲ್ಲಿ ತೀರಿಸಿಕೊಂಡಳು. ಮೊದಲ ತಿಂಗಳೆಲ್ಲ ಬಿಲ್ಲೆ ಅವಳ ಕೊರಳಲ್ಲೇ ಇತ್ತು. ಸರ್ಕಾರಿ ಶಾಲೆಯಿಂದ ಬಂದವಳ ಬಾಯಿಗೆ ಇಂಗ್ಲಿಷು ಎಲ್ಲಿಂದ ಬರಬೇಕು? ವರಾಂಡ ಗುಡಿಸಿ ಗುಡಿಸಿ, ವರ್ಷ ತುಂಬುವುದರೊಳಗೆ ಸಿಸ್ಟರುಗಳ ಇಂಗ್ಲಿಷನ್ನೇ ತಿದ್ದುವಷ್ಟು ಕಲಿತಳು. ಕಲಿತ ಮೇಲೂ ಬಿಲ್ಲೆ ಬಿಡಲಿಲ್ಲ. ಐದನೇ ಆರನೇ ಕ್ಲಾಸಿನ ಪುಟಾಣಿಗಳು ಬಿಲ್ಲೆ ಹಾಕಿಕೊಂಡು ಅಳುತ್ತಿದ್ದರೆ, ಹತ್ತಿರ ಹೋಗಿ ಬೇಕೆಂದೇ ಒಂದು ಕನ್ನಡ ಮಾತಾಡಿ, ಅದನ್ನು ತನ್ನ ಕೊರಳಿಗೆ ಹಾಕಿಸಿಕೊಂಡು ಬರುತ್ತಿದ್ದಳು. ಕ್ರಿಸ್ಮಸ್ ನಾಟಕದಲ್ಲಿ ಮಾತ್ರ ಬಣ್ಣ ಬೆಳ್ಳಗಿದ್ದ ಹುಡುಗಿಯರು ಮೇರಿಯಾದರು, ಕವನ ಪ್ರತಿವರ್ಷವೂ ಕುರಿಯಾದಳು. ಶಿವು ಕಾಣಿಕೆ ತರುವ ರಾಜ. ಏಸು ಹುಟ್ಟಿದಾಗ ಕುರಿಗಳು ಮೊದಲು ಬಂದವೇ, ರಾಜರು ಮೊದಲು ಬಂದರೇ ಎಂದು ಪ್ರಶ್ನೆ ಕೇಳಿ, ಸಿಸ್ಟರನ್ನು ಒಮ್ಮೆ ಸುಸ್ತು ಮಾಡಿದ್ದಳು.

ಹತ್ತನೇ ಕ್ಲಾಸಿಗೆ ಬಂದಾಗ ಸ್ಕೂಲ್ ಲೀಡರಿನ ಚುನಾವಣೆ ಬಂತು. ನಮ್ಮಲ್ಲಿ ಅದು ವಿಧಾನಸಭೆಗಿಂತ ಗಂಭೀರ. ಶಿವು ತನ್ನ ಕಡೆಯವರಿಗೆ ತೋಟದ ಎಳನೀರು ಹಂಚಿದ. ಎಲ್ಲರೂ ಕುಡಿದರು. ಓಟು ಮಾತ್ರ ಕವನಳಿಗೆ ಹಾಕಿದರು, ಚಿಕ್ಕ ಮಕ್ಕಳಂತೂ ಒಬ್ಬರು ಬಿಡದಂತೆ. ಶಿವು ಎರಡನೆಯವನಾಗಿ ವೈಸ್ ಲೀಡರ್ ಆದ. ಸೋತದ್ದಕ್ಕೆ ಅವನಿಗೇನೂ ದುಃಖವಾಗಲಿಲ್ಲ, ಮೂಲತಃ ಒಳ್ಳೆಯ ಹುಡುಗ. ದುಃಖವಾದದ್ದು ಅವನ ಅಪ್ಪನಿಗೆ.

ಪದಗ್ರಹಣದ ದಿನ ಒಂದು ಪದ್ಧತಿ ಇತ್ತು. ಮಗುವಿನ ಎದೆಗೆ ಬ್ಯಾಡ್ಜನ್ನು ತಂದೆಯೇ ಚುಚ್ಚಬೇಕು. ತಂದೆ ಇಲ್ಲದಿದ್ದರೆ ತಾಯಿ. ಆ ವರ್ಷ ಭಾರತೀಯ ಸಂಸ್ಕೃತಿಯನ್ನೂ ಸೇರಿಸಿಕೊಳ್ಳಬೇಕೆಂದು ಮೇಲಿನವರಿಂದ ಸೂಚನೆ ಬಂದಿತ್ತಂತೆ. ಸಿಸ್ಟರು ಬಹಳ ಯೋಚಿಸಿ, ಬ್ಯಾಡ್ಜು ಚುಚ್ಚಿದ ಮೇಲೆ ಮಕ್ಕಳು ತಂದೆತಾಯಿಯರ ಕಾಲು ಮುಟ್ಟಿ ನಮಸ್ಕರಿಸಬೇಕು ಎಂದು ಗೊತ್ತುಮಾಡಿದರು.

ಹಿಂದಿನ ದಿನ ಕರಿಯಪ್ಪ ಚಲುವಯ್ಯನಿಗೆ ಹೇಳಿಕಳಿಸಿದ. "ನಾಳೀಕೆ ನೀ ಬ್ಯಾಡ ಕಣ್ಲಾ. ಫೋಟೋ ತಗೀತಾರಂತೆ. ನಾನೇ ಓಯ್ತೀನಿ."

ಚಲುವಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕರಿಯಪ್ಪ ಕರಿಯಪ್ಪನೇ ಆದರೆ, ಚಲುವಯ್ಯ ಚಲುವಯ್ಯ ಆಗಬಹುದು. ಸಿಸ್ಟರಿಗೆ ಗುರುತಿರುವುದು ಹೆಸರಲ್ಲ, ಮುಖ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಪಾಳಿ ಮುಗಿದ ಕೂಡಲೇ ಮನೆಗೆ ಹೋಗಿ, ಸ್ನಾನ ಮಾಡಿ, ತನ್ನದೇ ನೀಲಿ ಅಂಗಿ ಇಸ್ತ್ರಿ ಮಾಡಿ ತೊಟ್ಟು, ರಾಚಮ್ಮನ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು ಬಂದ. ಗೇಟಿನ ಹತ್ತಿರವೂ ಅವಳ ಪಕ್ಕದಲ್ಲೇ ಇದ್ದ. ಅಷ್ಟರಲ್ಲಿ ಸಿಸ್ಟರ್ ಫ್ಲಾವಿಯಾ ಎದುರಿಗೆ ಬಂದರು.

"ಗುಡ್ ಮಾರ್ನಿಂಗ್ ಮಿಸ್ಟರ್ ಕರಿಯಪ್ಪ. ಬನ್ನಿ, ಬನ್ನಿ," ಎಂದು ಕೈ ಹಿಡಿದು ಕರೆದುಕೊಂಡು ಹೋಗಿ, ವೇದಿಕೆಯ ಪಕ್ಕ ತಂದೆಯರಿಗೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಅವನು ಬಾಯಿ ತೆರೆಯುವಷ್ಟರಲ್ಲಿ ನಿಜವಾದ ಕರಿಯಪ್ಪ ರೇಷ್ಮೆ ಅಂಗಿ, ಹೆಗಲ ಮೇಲೆ ಜರಿ ವಲ್ಲಿ ಹಾಕಿಕೊಂಡು ಬಂದ.

"ತಾವು ಯಾರು?" ಎಂದು ಸಿಸ್ಟರು ಅವನನ್ನು ಕೇಳಿದರು.

ಕರಿಯಪ್ಪ ಕುರ್ಚಿಯಲ್ಲಿ ಕೂತ ಚಲುವಯ್ಯನನ್ನು ನೋಡಿದ. ತಾನೇ ಶಿವುವಿನ ಅಪ್ಪ ಎಂದರೆ, ಇಷ್ಟು ವರ್ಷ ಬಂದವನು ಯಾರು ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆ ಟಿ.ಸಿ. ಬರುತ್ತದೆ. "ನಾನಾ? ನೆಂಟ್ರು ಕಣವ್ವ. ಅಂಗೇ ಸುಮ್ನೆ ನೋಡಾಕೆ ಬಂದೆ," ಎಂದ. ಸಿಸ್ಟರು ಅವನಿಗೆ ಹಿಂದೆ ಜಾಗ ತೋರಿಸಿದರು. ಊರಿನವರು ಬೇರೆ ಬಹಳ ಜನ ಬಂದಿದ್ದರು. ಪುಟ್ಟಮಾದಮ್ಮ ಪಕ್ಕಕ್ಕೆ ಸರಿದು ಅವನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. ಅವನು ನಿಂತೇ ಇದ್ದ.

ಮೈಸೂರಿನಿಂದ ಬಂದ ಒಬ್ಬ ಫಾದರ್ ಸತ್ಯದ ಮಹಿಮೆಯ ಬಗ್ಗೆ ಉದ್ದಕ್ಕೆ ಮಾತಾಡಿದರು. ಆಮೇಲೆ ಹೌಸ್ ಕ್ಯಾಪ್ಟನ್ನುಗಳ ಸರದಿ ಮುಗಿದು, "ವೈಸ್ ಲೀಡರ್ ಶಿವು. ತಂದೆ ಮಿಸ್ಟರ್ ಕರಿಯಪ್ಪ," ಎಂದು ಕೂಗಿದರು. ಚಲುವಯ್ಯ ಎದ್ದು ವೇದಿಕೆ ಹತ್ತಿದ. ಬ್ಯಾಡ್ಜು ಚುಚ್ಚಿದ. ಪಿನ್ನು ಎರಡು ಸಲ ಜಾರಿತು.

ಶಿವು ಬಗ್ಗಿದ. ಅವನ ಕೈ ಚಲುವಯ್ಯನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಹಿಂದೆ ಅವನಪ್ಪ ಜೋರಾಗಿ ಕೆಮ್ಮಿದ. ಛತ್ರದ ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಉಸಿರು ಬಿಗಿಹಿಡಿದು ನೋಡುತ್ತಿದ್ದವು. ಅಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದವರು ಸಿಸ್ಟರ್ ಫ್ಲಾವಿಯಾ ಒಬ್ಬರೇ. "ಪ್ರಾಪರ್ಲಿ ಶಿವು, ಪ್ರಾಪರ್ಲಿ. ಪಾದ ಮುಟ್ಟಬೇಕು," ಎಂದರು ಮೈಕಿನಲ್ಲಿ. ಚಲುವಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಶಿವು ಒಂದು ಹೆಜ್ಜೆ ಮುಂದೆ ಬಂದು ಎರಡೂ ಪಾದ ಮುಟ್ಟಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಪುಟ್ಟಮಾದಮ್ಮ. ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ, ಕೈ ಕೆಂಪಾಗುವಷ್ಟು ತಟ್ಟಿದೆ.

ಗ್ರೂಪ್ ಫೋಟೋಗೆಂದು ತಂದೆಯರು ಮಕ್ಕಳ ಹಿಂದೆ ವೇದಿಕೆಯಲ್ಲೇ ನಿಲ್ಲಬೇಕಿತ್ತು. ಚಲುವಯ್ಯ ಶಿವುವಿನ ಹಿಂದೆ ನಿಂತ. ಆಗ ಕವನಳನ್ನು ಕರೆದರು. "ತಂದೆ ಮಿಸ್ಟರ್ ಚಲುವಯ್ಯ ಎಂದಿನಂತೆ ಇವತ್ತೂ ಬಂದಿಲ್ಲ," ಎಂದು ಸಿಸ್ಟರು ಸೇರಿಸಿದರು. ರಾಚಮ್ಮ ಸೆರಗು ಹೊದ್ದು ಮೇಲೆ ಬಂದಳು. ನಾಟಿ ಮಾಡಿ ಒರಟಾದ ಬೆರಳಿನಲ್ಲಿ ಪಿನ್ನು ಒಂದೇ ಸಲಕ್ಕೆ ಕೂತಿತು. ಕವನ ಅವ್ವನ ಕಾಲು ಮುಟ್ಟಿದಳು. ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೆ ಅವಳು ನೆಟ್ಟಗೆ ಶಿವುವಿನ ಹಿಂದೆ ನಿಂತಿದ್ದವನ ಹತ್ತಿರ ಹೋಗಿ, ಅವನ ಕಾಲನ್ನೂ ಮುಟ್ಟಿದಳು. ಅವನು ಅವಳನ್ನು ಎತ್ತಿ, ತಲೆಯ ಮೇಲೆ ಕೈ ಇಟ್ಟ. ಇಟ್ಟ ಕೈಯನ್ನು ತೆಗೆಯಲು ಅವನಿಂದ ಆಗಲಿಲ್ಲ.

ಸಿಸ್ಟರ್ ಫ್ಲಾವಿಯಾ ಅವರ ಕಣ್ಣು ತುಂಬಿ ಬಂತು. "ನೋಡಿ ಮಕ್ಕಳೇ," ಎಂದರು. "ತನ್ನ ತಂದೆ ಬರದಿದ್ದರೂ ಬೇರೆಯವರ ತಂದೆಯನ್ನು ತನ್ನ ತಂದೆಯಂತೆ ಕಾಣುತ್ತಾಳೆ. ಇದು ನಮ್ಮ ಸ್ಕೂಲು ಕಲಿಸಿದ ಸಂಸ್ಕಾರ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಲುವಯ್ಯ ಬೇರೇನನ್ನಾದರೂ ತಡೆದುಕೊಳ್ಳುತ್ತಿದ್ದನೋ ಏನೋ, ಆ ಚಪ್ಪಾಳೆಯನ್ನು ಮಾತ್ರ ತಡೆದುಕೊಳ್ಳದಾದ.

"ಬ್ಯಾರೆಯೋರ ಅಪ್ಪ ಅಲ್ಲ ಸಿಸ್ಟ್ರೇ," ಎಂದ. ಮೈಕು ಹತ್ತಿರವಿತ್ತು, ಹಾಲಿಗೆಲ್ಲ ಕೇ‍ಳಿಸಿತು. "ಇವ್ಳು ನನ್ ಮಗ್ಳು. ನಾನೇ ಚಲುವಯ್ಯ."

ಸಿಸ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಬಿಗಿದುಕೊಂಡು, ಮೈಕು ಪಕ್ಕಕ್ಕೆ ತಿರುಗಿಸಿ, ಕವನಳ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದರು. ನಾನು ವಂದನಾರ್ಪಣೆಗೆಂದು ಪಕ್ಕದಲ್ಲೇ ನಿಂತಿದ್ದೆ. ಈ ಮನುಷ್ಯನಿಗೆ ಮೈ ಸರಿ ಇದ್ದಂತಿಲ್ಲ, ಇವನು ಯಾರೆಂದು ನೀನೇ ಹೇಳು ಎಂದರು. ಸಂಬಂಧವಿಲ್ಲ ಎಂದರೆ ಮಾತು ಇಲ್ಲಿಗೇ ಮುಗಿಯುತ್ತದೆ. ಸುಳ್ಳು ಹೆಸರಿನಲ್ಲಿ ಬಂದವನ ಮಗಳು ಲೀಡರ್ ಆಗಿರುವಂತಿಲ್ಲ, ಯೋಚಿಸಿ ಹೇಳು ಎಂದರು.

ಕವನ ಯೋಚಿಸಲಿಲ್ಲ. "ಹೀ ಈಸ್ ಮೈ ಫಾದರ್, ಸಿಸ್ಟರ್," ಎಂದಳು. ಬ್ಯಾಡ್ಜನ್ನು ತಾನೇ ಬಿಚ್ಚಿ ಸಿಸ್ಟರ ಕೈಯಲ್ಲಿಟ್ಟಳು.

ಇನ್ನು ಶಿವುವಿನ ಅಪ್ಪ ಯಾರು ಎಂಬ ಪ್ರಶ್ನೆ ಉಳಿಯಿತು. ಹುಡುಗ ಹಿಂದಕ್ಕೆ ಕೈ ತೋರಿಸಿದ. ಕರಿಯಪ್ಪ ಬೇರೆ ದಾರಿ ಕಾಣದೆ ಮುಂದೆ ಬಂದು, ಮರಳು ಕಳಿಸಿದವನು ತಾನೇ ಎಂಬಲ್ಲಿಂದ ಪರಿಚಯ ಶುರುಮಾಡಿದ. ಸಿಸ್ಟರು, ಮೈಸೂರಿನ ಫಾದರು ಇಬ್ಬರೂ ಪಕ್ಕದ ಕೋಣೆಗೆ ಹೋಗಿ ಬಂದರು. ಹಾಲಿನ ಇನ್ನೊಂದು ಗೋಡೆ ಬಾಕಿ ಇತ್ತು, ಅದಕ್ಕೆ ಮರಳು ಬೇಕಿತ್ತು. ಅವರ ತೀರ್ಮಾನವನ್ನು ನಾನೇ ಕನ್ನಡಕ್ಕೆ ತಂದು ಸಭೆಗೆ ಹೇಳಬೇಕಾಯಿತು. ಮಿಸ್ಟರ್ ಕರಿಯಪ್ಪ ಸುಳ್ಳು ಹೇಳಿದವರಲ್ಲ, ಅವರು ಬರಲೇ ಇಲ್ಲ ಅಷ್ಟೆ. ಸುಳ್ಳು ಹೇಳಿದವನು ಚಲುವಯ್ಯ. ಕರುಣೆಯಿಂದ ಯಾವ ಮಗುವಿಗೂ ಟಿ.ಸಿ. ಕೊಡುವುದಿಲ್ಲ. ಆದರೆ ಶಿಸ್ತು ಶಿಸ್ತೇ. ಲೀಡರ್ ಸ್ಥಾನ ಖಾಲಿಯಾದರೆ ವೈಸ್ ಲೀಡರಿಗೆ ಹೋಗುತ್ತದೆ. ಹೇಳುವಾಗ ನನ್ನ ಬಾಯಿ ಕಹಿಯಾಯಿತು.

"ಬ್ಯಾಡ ಕಣಪ್ಪ, ಅದು ಅವ್ಳದು," ಎಂದ ಶಿವು.

"ಸುಮ್ನೆ ನಿಂತ್ಕೊಳ್ಳೋ," ಎಂದು ಕರಿಯಪ್ಪ ಬ್ಯಾಡ್ಜು ಚುಚ್ಚಿ, ಫೋಟೋದವನ ಕಡೆ ತಿರುಗಿದ.

ನಾನು ವಂದನಾರ್ಪಣೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಚಲುವಯ್ಯ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ. ಒಂದು ಪಕ್ಕ ರಾಚಮ್ಮ, ಇನ್ನೊಂದು ಪಕ್ಕ ಮಗಳು. "ನನ್ನಿಂದ ಮಗೀಗೆ ಅನ್ಯಾಯ ಆಯ್ತು ಸಾ. ನಾನು ಬಾಯಿ ಮುಚ್ಕೊಂಡಿದ್ರೆ ಆಗಿತ್ತು," ಎಂದ. ನಾನು ಅವರ ಎದುರು ಕೂತೆ. ಕವನಳನ್ನೇ ಕೇಳಿದೆ, ತುಂಬಾ ಬೇಜಾರಾಯಿತೇನಮ್ಮ ಎಂದು.

"ಲೀಡ್ರು ವರ್ಷಕ್ಕೊಬ್ರು ಆಯ್ತಾರೆ ಸಾ," ಎಂದಳು. ಅಪ್ಪನ ನೀಲಿ ಅಂಗಿಯ ತೋಳು ಹಿಡಿದುಕೊಂಡಿದ್ದಳು. "ನಮ್ಮಪ್ಪ ಇವತ್ತು ಸ್ಕೂಲಿಗೆ ಬಂದಿತ್ತು."